ಪಂಪ್‌ಸೆಟ್ ಸ್ಟಾರ್ಟರ್‌ಗೆ ದೂರನಿಯಂತ್ರಣ: ಸರ್ಕ್ಯೂಟ್ ಬೋರ್ಡ್‌ನ ಸುರಕ್ಷಿತ ವಿನ್ಯಾಸ

ಪೀಠಿಕೆ

ಕೊಳವೆ ಬಾವಿಯನ್ನು ನಂಬಿ ಬೇಸಾಯ ಮಾಡುವ ರೈತರಿಗೆ ಬಾವಿಯಲ್ಲಿ ನೀರಿರುವುದು ಎಷ್ಟು ಮುಖ್ಯವೋ ತ್ರೀ ಫೇಸ್ ವಿದ್ಯುತ್ ದೊರೆಯುವ ಸಮಯವೂ ಅಷ್ಟೇ ಮುಖ್ಯ. ದಿನದ ಕೆಲವೇ ಗಂಟೆಗಳಲ್ಲಿ, ಹಲವೆಡೆ ರಾತ್ರಿ ಪಾಳಿಯಲ್ಲಿ, ವಿದ್ಯುತ್ ಬರುವುದರಿಂದ ಕತ್ತಲಲ್ಲಿ ಟಾರ್ಚ್ ಹಿಡಿದು ಪಂಪ್‌ಹೌಸ್‌ಗೆ ನಡೆಯುವುದು ಅನಿವಾರ್ಯವಾಗಿದೆ. ಬದುವಿನ ಮೇಲಿನ ಹಾವು, ಕಾಡಂಚಿನ ಊರುಗಳಲ್ಲಿ ಹಂದಿ ಮತ್ತು ಆನೆ, ಒದ್ದೆ ಕೈಯಿಂದ ಸ್ಟಾರ್ಟರ್ ಮುಟ್ಟುವಾಗಿನ ವಿದ್ಯುದಾಘಾತ, ಇವೆಲ್ಲವೂ ಆ ನಡಿಗೆಯ ಜೊತೆಗಿರುವ ಅಪಾಯಗಳು. ಮೊಬೈಲ್ ಮೂಲಕ ಪಂಪ್‌ಸೆಟ್ ಚಾಲನೆ ಮಾಡುವ ಉಪಕರಣಗಳಿಗೆ ಬೇಡಿಕೆ ಹೆಚ್ಚಿರುವುದು ಈ ಕಾರಣದಿಂದಲೇ. ಕೃಷಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಐಟಿಐ ತರಬೇತಿ ಪಡೆದ ಗ್ರಾಮೀಣ ಯುವಕರು ಹಾಗೂ ಮೋಟಾರ್ ದುರಸ್ತಿಗಾರರು ಇಂತಹ ಉಪಕರಣಗಳನ್ನು ಸ್ವತಃ ತಯಾರಿಸಲು ಆಸಕ್ತಿ ತೋರುತ್ತಿದ್ದಾರೆ.

ಮನೆಯಲ್ಲಿ ಕುಳಿತು ಗುಂಡಿ ಒತ್ತುವವರಿಗೆ ಬಾವಿಯ ಬಳಿ ಯಾರಿದ್ದಾರೆಂಬುದು ಕಾಣುವುದಿಲ್ಲ. ಅದೇ ಹೊತ್ತಿನಲ್ಲಿ ಕೂಲಿಯಾಳು ಕೇಬಲ್ ಜಾಯಿಂಟ್ ಬಿಚ್ಚುತ್ತಿರಬಹುದು. ಸ್ಟಾರ್ಟರ್ ಪೆಟ್ಟಿಗೆ ತೆರೆದು ಫ್ಯೂಸ್ ನೋಡುತ್ತಿರಬಹುದು. ಆದ್ದರಿಂದ ಮೋಟಾರ್ ಚಾಲನೆ ಮಾಡುವುದಕ್ಕಿಂತ, ಚಾಲನೆಯಾಗಬಾರದ ಸಂದರ್ಭದಲ್ಲಿ ಅದನ್ನು ತಡೆಯುವುದೇ ದೂರನಿಯಂತ್ರಣ ಬೋರ್ಡ್‌ನ ವಿನ್ಯಾಸದಲ್ಲಿ ಪ್ರಧಾನವಾಗಿರಬೇಕು. ಈ ಲೇಖನದಲ್ಲಿ 415 ವೋಲ್ಟ್ ಸ್ಟಾರ್ಟರ್‌ನ್ನು ನಿಯಂತ್ರಿಸುವ ಬೋರ್ಡ್‌ನ ವಿನ್ಯಾಸವನ್ನು ಈ ದೃಷ್ಟಿಯಿಂದ ವಿವರಿಸಲಾಗಿದೆ.

ಸ್ಟಾರ್ಟರ್‌ನ ಒಳಗಿನ ವ್ಯವಸ್ಥೆ

ಬೋರ್ಡ್ ವಿನ್ಯಾಸಕ್ಕೆ ಮುನ್ನ ಸ್ಟಾರ್ಟರ್‌ನ್ನು ಅರಿತಿರಬೇಕು. ನೇರ ಚಾಲನೆಯ (ಡಿಓಎಲ್) ಸ್ಟಾರ್ಟರ್‌ನಲ್ಲಿ ಎರಡು ಪ್ರತ್ಯೇಕ ವಿದ್ಯುನ್ಮಂಡಲಗಳಿರುತ್ತವೆ. ಮೊದಲನೆಯದು ಮೂರು ಫೇಸ್‌ಗಳನ್ನು ಮೋಟಾರ್‌ಗೆ ಒಯ್ಯುವ ಶಕ್ತಿ ಮಂಡಲ. 5 ಅಶ್ವಶಕ್ತಿಯ ಮೋಟಾರ್‌ನಲ್ಲಿ ಇಲ್ಲಿ ಸುಮಾರು 8 ಆಂಪಿಯರ್ ಹರಿಯುತ್ತದೆ; ಚಾಲನೆಯ ಕ್ಷಣದಲ್ಲಿ ಇದರ ಸುಮಾರು ಆರು ಪಟ್ಟು. ಎರಡನೆಯದು ಕಾಂಟ್ಯಾಕ್ಟರ್‌ನ ಕಾಯಿಲ್ ಇರುವ ನಿಯಂತ್ರಣ ಮಂಡಲ. ಹಸಿರು ಗುಂಡಿ ಒತ್ತಿದಾಗ ಕಾಯಿಲ್‌ಗೆ ವಿದ್ಯುತ್ ದೊರೆತು ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ. ಆಗ ಅದರ ಸಹಾಯಕ ಸಂಪರ್ಕವೊಂದು ಮುಚ್ಚಿಕೊಂಡು, ಗುಂಡಿ ಬಿಟ್ಟ ಮೇಲೂ ಕಾಯಿಲ್‌ನ್ನು ಹಿಡಿದಿಡುತ್ತದೆ. ಕೆಂಪು ಗುಂಡಿ, ಓವರ್‌ಲೋಡ್ ರಿಲೇ ಮತ್ತು ಸಿಂಗಲ್ ಫೇಸ್ ತಡೆ ಸಾಧನಗಳ ಸಂಪರ್ಕಗಳು ಇದೇ ಸಾಲಿನಲ್ಲಿರುವುದರಿಂದ, ಯಾವೊಂದು ತೆರೆದುಕೊಂಡರೂ ಮೋಟಾರ್ ನಿಲ್ಲುತ್ತದೆ.

ದೂರನಿಯಂತ್ರಣ ಬೋರ್ಡ್ ಕೈಯಿಡಬೇಕಾದದ್ದು ಈ ಎರಡನೆಯ ಮಂಡಲದಲ್ಲಿ ಮಾತ್ರ. ಮೋಟಾರ್‌ನ ಪ್ರವಾಹವನ್ನು ಎಂದಿಗೂ ಬೋರ್ಡ್‌ನ ಮೂಲಕ ಹಾಯಿಸಬಾರದು. ಸ್ಟಾರ್ಟರ್‌ನಲ್ಲಿ ಈಗಾಗಲೇ ಇರುವ ರಕ್ಷಣಾ ಸಾಧನಗಳನ್ನು ತೆಗೆಯುವುದಾಗಲಿ, ಅವುಗಳ ಸಂಪರ್ಕವನ್ನು ಅಡ್ಡದಾರಿಯಿಂದ ಜೋಡಿಸುವುದಾಗಲಿ ಸಲ್ಲದು. ಕೈಹಿಡಿ ಎಳೆದು ಚಾಲನೆ ಮಾಡುವ ಹಳೆಯ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ಗಳು ದೂರನಿಯಂತ್ರಣಕ್ಕೆ ಒದಗುವುದಿಲ್ಲ. ಸ್ವಯಂಚಾಲಿತ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ಗಳಿಗೆ ಇಲ್ಲಿ ಹೇಳಿದ ಕ್ರಮವೇ ಅನ್ವಯಿಸುತ್ತದೆ.

415 ವೋಲ್ಟ್ ಎಂಬ ಅಂಕಿಯ ಅರ್ಥ

1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 250 ವೋಲ್ಟ್‌ವರೆಗೆ ಕಡಿಮೆ, 650 ವೋಲ್ಟ್‌ವರೆಗೆ ಮಧ್ಯಮ, ಅದಕ್ಕೂ ಮೇಲ್ಪಟ್ಟದ್ದನ್ನು ಅಧಿಕ ವೋಲ್ಟೇಜ್ ಎಂದು ವಿಂಗಡಿಸಲಾಗಿತ್ತು. ಆ ಲೆಕ್ಕದಲ್ಲಿ ಪಂಪ್‌ಸೆಟ್‌ನ 415 ವೋಲ್ಟ್ ಮಧ್ಯಮ ವರ್ಗಕ್ಕೆ ಸೇರುತ್ತದೆ. ಆದರೆ 3.3 ವೋಲ್ಟ್‌ನಲ್ಲಿ ಕೆಲಸ ಮಾಡುವ ಮೈಕ್ರೋಕಂಟ್ರೋಲರ್‌ಗೂ ಮನುಷ್ಯನ ದೇಹಕ್ಕೂ ಇದು ಅತ್ಯಧಿಕವೇ. 415 ವೋಲ್ಟ್‌ನ ಶಿಖರ ಮೌಲ್ಯ 587 ವೋಲ್ಟ್. ಮಾರ್ಗದಲ್ಲಿ ಹೊರೆ ಕಡಿಮೆಯಾಗಿ ವೋಲ್ಟೇಜ್ 480ಕ್ಕೆ ಏರಿದರೆ ಶಿಖರವು ಸುಮಾರು 680 ವೋಲ್ಟ್ ಮುಟ್ಟುತ್ತದೆ. ಬಿಡಿಭಾಗಗಳನ್ನು ಈ ಮೌಲ್ಯಕ್ಕೆ ತಕ್ಕಂತೆ ಆರಿಸಬೇಕು.

ನಮ್ಮ ಪಂಪ್‌ಹೌಸ್‌ಗಳಲ್ಲಿ ನ್ಯೂಟ್ರಲ್ ತಂತಿ ಇರುವುದು ವಿರಳ. ಹೀಗಾಗಿ ಹೆಚ್ಚಿನ ಸ್ಟಾರ್ಟರ್‌ಗಳ ಕಾಯಿಲ್ ಎರಡು ಫೇಸ್‌ಗಳ ನಡುವೆ, ಅಂದರೆ ಪೂರ್ಣ 415 ವೋಲ್ಟ್‌ಗೆ ಜೋಡಿಸಲ್ಪಟ್ಟಿರುತ್ತದೆ. ಭೂಸಂಪರ್ಕದ ತಂತಿಯನ್ನು ನ್ಯೂಟ್ರಲ್ ಆಗಿ ಬಳಸಿ 240 ವೋಲ್ಟ್ ಪಡೆಯುವ ರೂಢಿ ಅತ್ಯಂತ ಅಪಾಯಕಾರಿ. ಆ ಭೂಸಂಪರ್ಕ ಸಡಿಲಗೊಂಡ ದಿನ ಸ್ಟಾರ್ಟರ್‌ನ ಕಬ್ಬಿಣದ ಪೆಟ್ಟಿಗೆಯೇ ವಿದ್ಯುತ್ಪೂರಿತವಾಗುತ್ತದೆ.

ರಿಲೇಯ ಆಯ್ಕೆ

ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ನೀಲಿ ಬಣ್ಣದ ಚಿಕ್ಕ ರಿಲೇಗಳ ಮೇಲೆ ಸಾಮಾನ್ಯವಾಗಿ 10 ಆಂಪಿಯರ್, 250 ವೋಲ್ಟ್ ಎಸಿ ಎಂದು ಮುದ್ರಿತವಾಗಿರುತ್ತದೆ. ಆಂಪಿಯರ್ ಅಂಕಿಯನ್ನು ಮಾತ್ರ ನೋಡಿ ಇವನ್ನು 415 ವೋಲ್ಟ್ ಕಾಯಿಲ್ ಸಾಲಿಗೆ ಜೋಡಿಸುವುದುಂಟು. ಕಾಯಿಲ್‌ನ ಪ್ರವಾಹ ಅತ್ಯಲ್ಪವಾದ್ದರಿಂದ ಮೊದಲ ಕೆಲವು ವಾರ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆದರೆ ಸಂಪರ್ಕದ ತುದಿಗಳ ನಡುವಿನ ಅಂತರ 415 ವೋಲ್ಟ್‌ಗೆಂದು ರೂಪಿತವಾದುದಲ್ಲ. ಸಂಪರ್ಕ ತೆರೆಯುವಾಗ ಹುಟ್ಟುವ ಕಿಡಿ ಬೇಗ ಆರದೆ ತುದಿಗಳು ಸುಟ್ಟು, ಕೊನೆಗೆ ಬೆಸೆದುಕೊಳ್ಳುತ್ತವೆ. ಬೆಸೆದ ಸಂಪರ್ಕಕ್ಕೆ ‘ನಿಲ್ಲಿಸು’ ಎಂಬ ಆದೇಶ ತಲುಪುವುದಿಲ್ಲ.

ಇದಕ್ಕೆ ಮೂರು ಪರಿಹಾರಗಳಿವೆ.

1. 415 ವೋಲ್ಟ್ ಎಸಿ ಅಥವಾ ಅದಕ್ಕೂ ಹೆಚ್ಚಿನ ವೋಲ್ಟೇಜ್‌ನಲ್ಲಿ ಕಾಯಿಲ್ ಹೊರೆಯನ್ನು ಕಡಿಯಬಲ್ಲದೆಂದು ತಯಾರಕರು ಖಚಿತಪಡಿಸಿರುವ ರಿಲೇಯನ್ನೇ ಬೋರ್ಡ್ ಮೇಲೆ ಬಳಸುವುದು. ವಿವರಪಟ್ಟಿಯಲ್ಲಿ ಎಸಿ-15 ಎಂಬ ಬಳಕೆ ವರ್ಗದ ಮೌಲ್ಯವನ್ನು ನೋಡಬೇಕು. ಕಾಂಟ್ಯಾಕ್ಟರ್ ಕಾಯಿಲ್‌ನಂತಹ ಹೊರೆಗೆ ಅನ್ವಯಿಸುವುದು ಅದೇ.

2. 24 ವೋಲ್ಟ್ ಡಿಸಿ ಕಾಯಿಲ್‌ನ ಸಹಾಯಕ ಕಾಂಟ್ಯಾಕ್ಟರ್‌ಗಳನ್ನು ಪೆಟ್ಟಿಗೆಯ ರೈಲಿನ ಮೇಲೆ ಪ್ರತ್ಯೇಕವಾಗಿ ಅಳವಡಿಸಿ, ಬೋರ್ಡ್‌ನಿಂದ ಅವುಗಳನ್ನು ಮಾತ್ರ ಚಾಲನೆ ಮಾಡುವುದು. 415 ವೋಲ್ಟ್‌ನ್ನು ಕಡಿಯುವ ಕೆಲಸ ಅದಕ್ಕೆಂದೇ ತಯಾರಾದ ಸಂಪರ್ಕಗಳಿಗೆ ಸೇರುತ್ತದೆ.

3. 415ರಿಂದ 24 ವೋಲ್ಟ್‌ಗೆ ಇಳಿಸುವ ನಿಯಂತ್ರಣ ಪರಿವರ್ತಕವನ್ನು ಅಳವಡಿಸಿ, ಸ್ಟಾರ್ಟರ್‌ನ ಕಾಯಿಲ್‌ನ್ನೇ 24 ವೋಲ್ಟ್‌ನದ್ದಕ್ಕೆ ಬದಲಾಯಿಸುವುದು. ಇದು ಸುರಕ್ಷಿತವಾದರೂ ಕಾಯಿಲ್ ಬದಲಾವಣೆಗೆ ಅವಕಾಶವಿರುವ ಸ್ಟಾರ್ಟರ್‌ಗಳಲ್ಲಿ ಮಾತ್ರ ಸಾಧ್ಯ. ಹಳ್ಳಿಯ ಏರಿಳಿತದ ವೋಲ್ಟೇಜ್‌ಗೆ ಹೊಸ ಕಾಯಿಲ್ ಹೊಂದಿಕೊಳ್ಳುವುದೇ ಎಂಬುದನ್ನೂ ಪರಿಶೀಲಿಸಬೇಕು.

ಸ್ವತಃ ತಯಾರಿಸುವವರಿಗೆ ಎರಡನೆಯ ಕ್ರಮ ಹೆಚ್ಚು ಸೂಕ್ತ. ಸಹಾಯಕ ಕಾಂಟ್ಯಾಕ್ಟರ್ ಕೆಟ್ಟರೆ ತಾಲ್ಲೂಕು ಕೇಂದ್ರದ ಅಂಗಡಿಯಿಂದ ತಂದು ಬದಲಾಯಿಸಬಹುದು. ಬೋರ್ಡ್‌ಗೆ ಬೆಸುಗೆ ಹಾಕುವ ಪ್ರಮೇಯ ಬರುವುದಿಲ್ಲ. ಮುಂದಿನ ವಿವರಣೆ ಈ ಕ್ರಮವನ್ನೇ ಅನುಸರಿಸುತ್ತದೆ.

ಚಾಲಕ ಮಂಡಲ

24 ವೋಲ್ಟ್ ಡಿಸಿ ಸಹಾಯಕ ಕಾಂಟ್ಯಾಕ್ಟರ್‌ನ ಕಾಯಿಲ್ ಸುಮಾರು 3 ವಾಟ್ ಬಳಸುತ್ತದೆಂದು ಇಟ್ಟುಕೊಂಡರೆ, ಅದರ ಪ್ರವಾಹ 3 ÷ 24, ಅಂದರೆ 125 ಮಿಲಿಆಂಪಿಯರ್. ಮೈಕ್ರೋಕಂಟ್ರೋಲರ್‌ನ ಕಾಲು ಕೆಲವು ಮಿಲಿಆಂಪಿಯರ್‌ಗಿಂತ ಹೆಚ್ಚು ಕೊಡಲಾರದು. ಎಲ್ಲೆಡೆ ದೊರೆಯುವ ಬಿಸಿ547 ಟ್ರಾನ್ಸಿಸ್ಟರ್‌ನ ಗರಿಷ್ಠ ಮಿತಿ 100 ಮಿಲಿಆಂಪಿಯರ್ ಆದ್ದರಿಂದ ಅದೂ ಸಾಲದು. ಯುಎಲ್‌ಎನ್2003 ಎಂಬ ಚಿಪ್‌ನಲ್ಲಿ ಏಳು ಚಾಲಕಗಳಿದ್ದು ಪ್ರತಿಯೊಂದೂ 500 ಮಿಲಿಆಂಪಿಯರ್‌ವರೆಗೆ ತಾಳಬಲ್ಲದು, 3.3 ವೋಲ್ಟ್ ಸಂಕೇತದಿಂದಲೂ 125 ಮಿಲಿಆಂಪಿಯರ್ ಹೊರೆಯನ್ನು ನಿರ್ವಹಿಸುತ್ತದೆ.

ಈ ಹಂತದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಕಾಯಿಲ್‌ಗೆ ವಿದ್ಯುತ್ ಕಡಿತವಾದ ಕ್ಷಣದಲ್ಲಿ ಅದು ವಿರುದ್ಧ ದಿಕ್ಕಿನ ಅಧಿಕ ವೋಲ್ಟೇಜ್ ಹೊಮ್ಮಿಸುತ್ತದೆ. ಅದನ್ನು ಹೀರಿಕೊಳ್ಳುವ ಡಯೋಡ್‌ಗಳು ಯುಎಲ್‌ಎನ್2003ರ ಒಳಗೇ ಇವೆ. ಆದರೆ ಚಿಪ್‌ನ 9ನೇ ಕಾಲನ್ನು 24 ವೋಲ್ಟ್‌ಗೆ ಜೋಡಿಸಿದರೆ ಮಾತ್ರ ಅವು ಕೆಲಸ ಮಾಡುತ್ತವೆ. ಎರಡನೆಯದಾಗಿ, ಮೈಕ್ರೋಕಂಟ್ರೋಲರ್ ಎಚ್ಚರಗೊಳ್ಳುವ ಮೊದಲ ಕ್ಷಣಗಳಲ್ಲಿ ಅದರ ಕಾಲುಗಳ ಸ್ಥಿತಿ ಅನಿಶ್ಚಿತವಾಗಿರುತ್ತದೆ. ಪ್ರತಿ ಚಾಲಕದ ಪ್ರವೇಶದಿಂದ ಗ್ರೌಂಡ್‌ಗೆ 10 ಕಿಲೋಓಮ್ ರೋಧಕವನ್ನು ಜೋಡಿಸಿದರೆ, ಆದೇಶವಿಲ್ಲದಾಗ ರಿಲೇ ಬಿಟ್ಟುಕೊಂಡೇ ಇರುತ್ತದೆ. ಸಂಕೇತ ಶೂನ್ಯವಾದಾಗ ಎಳೆದುಕೊಳ್ಳುವ ಬಗೆಯ ಸಿದ್ಧ ರಿಲೇ ಬೋರ್ಡ್‌ಗಳನ್ನು ಈ ಕೆಲಸಕ್ಕೆ ಬಳಸಬಾರದು.

ಕಿಡಿ ಮತ್ತು ವಿದ್ಯುತ್ ಗದ್ದಲದ ಶಮನ

ಸ್ಟಾರ್ಟರ್‌ನ ಕಾಯಿಲ್ ಕಡಿತಗೊಂಡಾಗ ಹುಟ್ಟುವ ಗದ್ದಲವು ಪಕ್ಕದಲ್ಲಿರುವ ಮೈಕ್ರೋಕಂಟ್ರೋಲರ್‌ನ್ನು ದಿಕ್ಕುತಪ್ಪಿಸಬಲ್ಲದು. ಇದನ್ನು ತಗ್ಗಿಸಲು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 100 ಓಮ್, 2 ವಾಟ್ ರೋಧಕವನ್ನು ಸರಣಿಯಲ್ಲಿ ಜೋಡಿಸುವುದು ರೂಢಿ. ಈ ಜೋಡಿಯನ್ನು ಸಂಪರ್ಕದ ತುದಿಗಳ ನಡುವೆ ಇಡಬಾರದು. ಹಾಗಿಟ್ಟರೆ ಸಂಪರ್ಕ ತೆರೆದಿರುವಾಗಲೂ ಕೆಪಾಸಿಟರ್ ಮೂಲಕ ಸುಮಾರು 13 ಮಿಲಿಆಂಪಿಯರ್ ಸೋರುತ್ತದೆ. ಚಿಕ್ಕ ಕಾಂಟ್ಯಾಕ್ಟರ್‌ನ ಕಾಯಿಲ್ 415 ವೋಲ್ಟ್‌ನಲ್ಲಿ ಹಿಡಿದಿರಲು ಬೇಕಾದ ಪ್ರವಾಹ ಕೇವಲ 20 ಮಿಲಿಆಂಪಿಯರ್ ಆಸುಪಾಸಿನಲ್ಲಿರುವುದರಿಂದ, ಈ ಸೋರಿಕೆಯಿಂದ ಕಾಂಟ್ಯಾಕ್ಟರ್ ಗುಂಯ್‌ಗುಡುತ್ತಾ ಪೂರ್ತಿ ಬಿಡದೆ ಉಳಿಯಬಹುದು. ಕಾಯಿಲ್‌ನ ಎರಡು ತುದಿಗಳ ನಡುವೆ ಜೋಡಿಸುವುದೇ ಸರಿಯಾದ ಕ್ರಮ.

ಬಳಸುವ ಕೆಪಾಸಿಟರ್ 440 ವೋಲ್ಟ್ ಎಸಿ ಅಥವಾ ಅದಕ್ಕೂ ಮೇಲ್ಪಟ್ಟ, ಸುರಕ್ಷತಾ ದರ್ಜೆಯದ್ದಾಗಿರಬೇಕು. ಗೃಹೋಪಯೋಗಿ ಉಪಕರಣಗಳಿಂದ ಕಿತ್ತ 275 ವೋಲ್ಟ್‌ನದ್ದು ತಾಳುವುದಿಲ್ಲ. ಅಂತೆಯೇ ಮಿಂಚಿನ ಆಘಾತ ತಡೆಯುವ ವೇರಿಸ್ಟರ್‌ಗಳನ್ನು ಫೇಸ್‌ಗಳ ನಡುವೆ ಜೋಡಿಸುವಾಗ 510 ಅಥವಾ 550 ವೋಲ್ಟ್ ಎಸಿ ಮೌಲ್ಯದವನ್ನು ಆರಿಸಿ, ಅವುಗಳ ಹಿಂದೆ ಫ್ಯೂಸ್ ಇಡಬೇಕು.

ಬೋರ್ಡ್‌ನ ಮೇಲೆ ಎರಡು ಭಾಗಗಳ ಪ್ರತ್ಯೇಕತೆ

ಸಹಾಯಕ ಕಾಂಟ್ಯಾಕ್ಟರ್‌ಗಳನ್ನು ಹೊರಗಿಟ್ಟರೂ ಫೇಸ್‌ಗಳನ್ನು ಗ್ರಹಿಸಲು 415 ವೋಲ್ಟ್ ಬೋರ್ಡ್‌ಗೆ ಬರಲೇಬೇಕು. ಆದ್ದರಿಂದ ಬೋರ್ಡ್‌ನ್ನು ಅಧಿಕ ವೋಲ್ಟೇಜ್ ಭಾಗ ಮತ್ತು ಸಂಕೇತ ಭಾಗ ಎಂದು ಎರಡಾಗಿ ವಿಂಗಡಿಸಿ, ನಡುವೆ ಯಾವ ತಾಮ್ರದ ಗೆರೆಯೂ ದಾಟದ ಪಟ್ಟಿಯೊಂದನ್ನು ಬಿಡಬೇಕು; ಹೊಲದ ಬದುವಿನಂತೆ ಅದು ಎದ್ದು ಕಾಣುವಂತಿರಲಿ. ಐಇಸಿ 60664-1 ಮಾನದಂಡದಂತೆ 400 ವೋಲ್ಟ್ ದರ್ಜೆಯ ಬಲವರ್ಧಿತ ನಿರೋಧನಕ್ಕೆ, ಸಾಧಾರಣ ಒಣ ಪರಿಸರದಲ್ಲಿ, ಬೋರ್ಡ್‌ನ ಮೇಲ್ಮೈ ಉದ್ದಕ್ಕೂ ಅಳೆದ ಅಂತರ 8 ಮಿಲಿಮೀಟರ್ ಇರಬೇಕು. ಧೂಳು ಮತ್ತು ತೇವ ಸೇರಿ ಮೇಲ್ಮೈಯೇ ವಾಹಕವಾಗುವ ಪರಿಸರಕ್ಕೆ ಇದು 12.6 ಮಿಲಿಮೀಟರ್‌ಗೆ ಏರುತ್ತದೆ. ಪಂಪ್‌ಹೌಸ್ ಈ ಎರಡನೆಯ ವರ್ಗಕ್ಕೆ ಸೇರುತ್ತದೆ.

ಎರಡು ಭಾಗಗಳ ನಡುವೆ ಸಂಕೇತವನ್ನು ದಾಟಿಸುವುದು ಆಪ್ಟೋಕಪ್ಲರ್. ಇದರಲ್ಲಿ ಒಂದು ಬದಿಯ ಎಲ್‌ಇಡಿ ಬೆಳಗಿದಾಗ ಇನ್ನೊಂದು ಬದಿಯ ಟ್ರಾನ್ಸಿಸ್ಟರ್ ತೆರೆಯುತ್ತದೆ. ನಡುವೆ ತಂತಿಯ ಸಂಬಂಧವಿಲ್ಲ. ಪಿಸಿ817ರಂತಹ ಸಾಮಾನ್ಯ ಆಪ್ಟೋಕಪ್ಲರ್‌ನ ಎರಡು ಕಾಲುಸಾಲುಗಳ ನಡುವಿನ ಅಂತರ 7.62 ಮಿಲಿಮೀಟರ್. ಬೆಸುಗೆಯ ಬಿಲ್ಲೆಗಳನ್ನು ಕಳೆದರೆ ಉಳಿಯುವ ಅಂತರ ಇನ್ನೂ ಕಡಿಮೆ. ಅಗಲ ಕಾಲಿನ ಮಾದರಿಯನ್ನು ಆರಿಸಿ, ಅದರ ಅಡಿಯಲ್ಲಿ ಬೋರ್ಡ್‌ನ್ನು ಸೀಳಿ ಕಿಂಡಿ ಬಿಡುವುದರಿಂದ ಧೂಳಿನ ಮೇಲೆ ಹರಿಯುವ ಸೋರಿಕೆಯನ್ನು ತಡೆಯಬಹುದು. ಬೆಸುಗೆ ಪೂರ್ಣಗೊಂಡ ಮೇಲೆ ಬೋರ್ಡ್‌ಗೆ ತೇವನಿರೋಧಕ ಲೇಪನ ಕೊಡಬೇಕು. ಬೆಚ್ಚಗಿನ ಪೆಟ್ಟಿಗೆಯೊಳಗೆ ಇರುವೆ, ಹಲ್ಲಿ, ಕಣಜಗಳು ಸೇರುವುದರಿಂದ ಕೇಬಲ್ ನುಗ್ಗುವ ಪ್ರತಿ ರಂಧ್ರಕ್ಕೂ ಬಿಗಿಯಾದ ಗ್ಲ್ಯಾಂಡ್ ಹಾಕಬೇಕು.

ಎರಡೂ ಬದಿಗೆ ಒಂದೇ ಗ್ರೌಂಡ್ ಅಥವಾ ಒಂದೇ ವಿದ್ಯುತ್ ಪೂರೈಕೆಯನ್ನು ಕೊಟ್ಟರೆ ಆಪ್ಟೋಕಪ್ಲರ್ ಇದ್ದೂ ಇಲ್ಲದಂತೆ. ನಕ್ಷೆ ಮುಗಿದ ಮೇಲೆ ಇದನ್ನು ಮತ್ತೊಮ್ಮೆ ಪರಿಶೀಲಿಸಬೇಕು.

ಫೇಸ್ ಮತ್ತು ಪ್ರವಾಹದ ಗ್ರಹಿಕೆ

ಎರಡು ಫೇಸ್‌ಗಳ ನಡುವೆ ವೋಲ್ಟೇಜ್ ಇದೆಯೇ ಎಂದು ತಿಳಿಯಲು ಆಪ್ಟೋಕಪ್ಲರ್‌ನ ಎಲ್‌ಇಡಿಗೆ ಸುಮಾರು 1 ಮಿಲಿಆಂಪಿಯರ್ ಕೊಟ್ಟರೆ ಸಾಕು. ಅದಕ್ಕೆ 400 ಕಿಲೋಓಮ್ ರೋಧಕ ಬೇಕಾಗುತ್ತದೆ. ಕಾಲು ವಾಟ್‌ನ ಒಂದೇ ರೋಧಕ ಸಾಮಾನ್ಯವಾಗಿ 250 ವೋಲ್ಟ್‌ಗಿಂತ ಹೆಚ್ಚು ತಾಳುವುದಿಲ್ಲ. ಮೇಲಾಗಿ ಅಲ್ಲಿ 0.4 ವಾಟ್‌ನಷ್ಟು ಶಾಖ ಹುಟ್ಟುತ್ತದೆ. ಬದಲಾಗಿ 100 ಕಿಲೋಓಮ್‌ನ ನಾಲ್ಕು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದರೆ ಪ್ರತಿಯೊಂದಕ್ಕೂ ಸುಮಾರು 104 ವೋಲ್ಟ್ ಮತ್ತು 0.1 ವಾಟ್ ಮಾತ್ರ ಹಂಚಿಕೆಯಾಗುತ್ತದೆ. ಎಲ್‌ಇಡಿಗೆ ವಿರುದ್ಧ ದಿಕ್ಕಿನಲ್ಲಿ 1ಎನ್4148 ಡಯೋಡ್ ಜೋಡಿಸಿ, ವ್ಯತಿರಿಕ್ತ ಅರ್ಧಚಕ್ರದಿಂದ ಅದನ್ನು ರಕ್ಷಿಸಬೇಕು.

ಆದರೆ ವೋಲ್ಟೇಜ್ ಗ್ರಹಿಕೆಯನ್ನು ಮಾತ್ರ ನಂಬುವಂತಿಲ್ಲ. ಒಂದು ಫೇಸ್ ಕಡಿತಗೊಂಡಾಗ, ಓಡುತ್ತಿರುವ ಮೋಟಾರ್ ತಾನೇ ಆ ತಂತಿಯಲ್ಲಿ ವೋಲ್ಟೇಜ್ ಉಂಟುಮಾಡುತ್ತದೆ. ಹೀಗಾಗಿ ಮೂರೂ ಫೇಸ್ ಇರುವಂತೆ ಬೋರ್ಡ್‌ಗೆ ಭಾಸವಾಗಬಹುದು. ಸ್ಟಾರ್ಟರ್‌ನ ಕಾಯಿಲ್ ಎರಡು ಫೇಸ್‌ಗಳ ಮೇಲಷ್ಟೇ ನಿಂತಿರುವುದರಿಂದ, ಮೂರನೆಯದು ಹೋದರೂ ಕಾಂಟ್ಯಾಕ್ಟರ್ ಬಿಡುವುದಿಲ್ಲ. ಈ ಸ್ಥಿತಿಯಲ್ಲಿ ಮೋಟಾರ್‌ನ ವೈಂಡಿಂಗ್ ಸುಡುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ಮೂರು ಫೇಸ್‌ಗಳಿಗೂ ಒಂದೊಂದು ಪ್ರವಾಹ ಪರಿವರ್ತಕ (ಸಿಟಿ) ಅಳವಡಿಸಬೇಕು. 1000:1 ಅನುಪಾತದ ಸಿಟಿಯಲ್ಲಿ 8 ಆಂಪಿಯರ್‌ಗೆ 8 ಮಿಲಿಆಂಪಿಯರ್ ದೊರೆತು, 100 ಓಮ್ ರೋಧಕದ ಮೇಲೆ 0.8 ವೋಲ್ಟ್ ಆಗುತ್ತದೆ. ಚಾಲನೆಯ ಕ್ಷಣದಲ್ಲಿ ಇದು ಆರು ಪಟ್ಟು ಏರುವುದರಿಂದ ಮೈಕ್ರೋಕಂಟ್ರೋಲರ್‌ನ ಪ್ರವೇಶಕ್ಕೆ ಮಿತಿಕಾರಕ ಡಯೋಡ್‌ಗಳು ಅಗತ್ಯ. ಮೋಟಾರ್ ಓಡುತ್ತಿರುವಾಗ ಸಿಟಿಯ ತಂತಿಯನ್ನು ಬಿಚ್ಚಿಡಬಾರದು. ತೆರೆದ ತುದಿಗಳಲ್ಲಿ ಅಪಾಯಕಾರಿ ವೋಲ್ಟೇಜ್ ಹುಟ್ಟುತ್ತದೆ.

ಈ ಗ್ರಹಿಕೆಯಿಂದ ಇನ್ನೆರಡು ಪ್ರಯೋಜನಗಳಿವೆ. ಬಾವಿಯಲ್ಲಿ ನೀರು ಇಳಿದಾಗ ಮೋಟಾರ್‌ನ ಪ್ರವಾಹ ತಗ್ಗುತ್ತದೆ. ಅಳವಡಿಸುವ ದಿನ ಅಳೆದ ಪ್ರವಾಹ 8 ಆಂಪಿಯರ್ ಇದ್ದರೆ, ಅದು 10 ಸೆಕೆಂಡ್ ಕಾಲ 5.5 ಆಂಪಿಯರ್‌ಗಿಂತ ಕೆಳಗಿಳಿದಾಗ ನಿಲ್ಲಿಸುವಂತೆ ಹೊಂದಿಸಬಹುದು. ಎರಡನೆಯದಾಗಿ, ‘ಮೋಟಾರ್ ಚಾಲನೆಯಾಗಿದೆ’ ಎಂಬ ಉತ್ತರವನ್ನು ರಿಲೇಗೆ ಆದೇಶ ಹೋದ ಕಾರಣಕ್ಕೆ ಕಳುಹಿಸದೆ, ಮೂರೂ ಫೇಸ್‌ಗಳಲ್ಲಿ ಪ್ರವಾಹ ಕಂಡ ಮೇಲಷ್ಟೇ ಕಳುಹಿಸಬೇಕು. ‘ನಿಲ್ಲಿಸು’ ಎಂದ ಮೇಲೂ ಪ್ರವಾಹ ಮುಂದುವರಿದರೆ ಸಂಪರ್ಕ ಬೆಸೆದಿದೆ ಎಂದರ್ಥ. ಬೋರ್ಡ್ ಕೂಡಲೇ ಎಚ್ಚರಿಕೆಯ ಸಂದೇಶ ಕಳುಹಿಸಬೇಕು.

ವಿದ್ಯುತ್ ಪೂರೈಕೆ

ಸಾಮಾನ್ಯ ಎಸ್‌ಎಂಪಿಎಸ್ ಘಟಕಗಳು 265 ವೋಲ್ಟ್‌ವರೆಗೆ ಮಾತ್ರ ತಾಳುವುದರಿಂದ ಫೇಸ್‌ಗಳ ನಡುವೆ ಅವು ನಿಲ್ಲುವುದಿಲ್ಲ. 415ರಿಂದ 24 ವೋಲ್ಟ್‌ಗೆ ಇಳಿಸುವ ಚಿಕ್ಕ ಪರಿವರ್ತಕವೇ ಇಲ್ಲಿ ನಂಬಿಕಸ್ತ. 24 ವೋಲ್ಟ್ ಎಸಿಯನ್ನು ಡಿಸಿಗೆ ಪರಿವರ್ತಿಸಿದಾಗ ಶಿಖರ 34 ವೋಲ್ಟ್. ಮಾರ್ಗದ ವೋಲ್ಟೇಜ್ 480ಕ್ಕೆ ಏರಿದಾಗ 39. ಹೊರೆ ಇಲ್ಲದಾಗ ಇನ್ನೂ ಹೆಚ್ಚು. 40 ವೋಲ್ಟ್ ಮಿತಿಯ ಅಗ್ಗದ ನಿಯಂತ್ರಕಗಳು ಇಲ್ಲಿ ಸೋಲುತ್ತವೆ; 60 ವೋಲ್ಟ್ ದರ್ಜೆಯವು ಮತ್ತು 63 ವೋಲ್ಟ್ ಕೆಪಾಸಿಟರ್‌ಗಳು ಬೇಕು.

ಮೊಬೈಲ್ ಸಂಪರ್ಕ ಘಟಕಕ್ಕೂ ಮೈಕ್ರೋಕಂಟ್ರೋಲರ್‌ಗೂ ಚಿಕ್ಕ ಲಿಥಿಯಂ ಬ್ಯಾಟರಿಯ ಬೆಂಬಲವಿದ್ದರೆ, ವಿದ್ಯುತ್ ಹೋದ ಸುದ್ದಿಯನ್ನು ಬೋರ್ಡ್ ತಿಳಿಸಬಲ್ಲದು. ಆದರೆ ಸಹಾಯಕ ಕಾಂಟ್ಯಾಕ್ಟರ್‌ಗಳ 24 ವೋಲ್ಟ್‌ನ್ನು ಬ್ಯಾಟರಿಯಿಂದ ಪಡೆಯಬಾರದು. ಮುಖ್ಯ ವಿದ್ಯುತ್ ಹೋದೊಡನೆ ಅವೂ ಬಿಟ್ಟುಕೊಳ್ಳಬೇಕು.

ಸಂಪರ್ಕ ಮತ್ತು ಆದೇಶದ ಸಿಂಧುತ್ವ

2ಜಿ ಘಟಕಗಳು ಸಂದೇಶ ಕಳುಹಿಸುವ ಕ್ಷಣದಲ್ಲಿ 2 ಆಂಪಿಯರ್‌ವರೆಗೆ ಎಳೆಯುವುದರಿಂದ, ಘಟಕದ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಬೇಕು. ಜಿಯೋ ಜಾಲದಲ್ಲಿ 2ಜಿ ಸೇವೆ ಇಲ್ಲವಾದ್ದರಿಂದ, ಹೊಸದಾಗಿ ತಯಾರಿಸುವವರು 4ಜಿ ಘಟಕ ಬಳಸುವುದು ಒಳಿತು. ಮೊಬೈಲ್ ಸಂಕೇತ ಸಿಗದ ತೋಟಗಳಲ್ಲಿ, ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ 865–867 ಮೆಗಾಹರ್ಟ್ಜ್ ತರಂಗಪಟ್ಟಿಯ ಲೋರಾ ರೇಡಿಯೋ ಮೂಲಕ ಮನೆಯಿಂದ ಪಂಪ್‌ಹೌಸ್‌ಗೆ ಸಂಪರ್ಕ ಕಲ್ಪಿಸಬಹುದು.

ಎಸ್‌ಎಂಎಸ್ ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿ ತಲುಪುತ್ತದೆ. ಸಂಜೆ ಕಳುಹಿಸಿದ ‘ಚಾಲನೆ’ ಆದೇಶ ಮರುದಿನ ಮುಂಜಾನೆ, ಬಾವಿಯ ಬಳಿ ಆಳುಗಳು ಕೆಲಸ ಮಾಡುತ್ತಿರುವಾಗ ಬಂದರೆ ಅನಾಹುತವಾದೀತು. ಪ್ರತಿ ಸಂದೇಶದಲ್ಲಿ ಸೇವಾಕೇಂದ್ರದ ಸಮಯಮುದ್ರೆ ಇರುತ್ತದೆ. ಅದನ್ನು ಈಗಿನ ಸಮಯದೊಡನೆ ಹೋಲಿಸಿ, 5 ನಿಮಿಷಕ್ಕಿಂತ ಹಳೆಯ ಚಾಲನೆ ಆದೇಶವನ್ನು ತಿರಸ್ಕರಿಸಬೇಕು. ಕರೆ ಮಾಡಿದವರ ಸಂಖ್ಯೆಯನ್ನು ನಕಲು ಮಾಡಲು ಸಾಧ್ಯವಿರುವುದರಿಂದ, ಚಾಲನೆಗೆ ಗುಪ್ತಸಂಖ್ಯೆ ಕಡ್ಡಾಯವಾಗಿರಲಿ. ನಿಲ್ಲಿಸಲು ಮಾತ್ರ ನೋಂದಾಯಿತ ಸಂಖ್ಯೆಯ ಮಿಸ್ಡ್ ಕಾಲ್ ಸಾಕು.

ಬೋರ್ಡ್ ವಿಫಲವಾದಾಗ: ಕಾವಲು ರಿಲೇ

ಚಾಲನೆಗೆ ಒಂದು, ತಡೆಗೆ ಒಂದು, ಹೀಗೆ ಎರಡು ಸಹಾಯಕ ಕಾಂಟ್ಯಾಕ್ಟರ್‌ಗಳು ಸಾಕು. ಚಾಲನೆ ರಿಲೇಯ ಸಂಪರ್ಕವನ್ನು ಹಸಿರು ಗುಂಡಿಗೆ ಸಮಾಂತರವಾಗಿ ಜೋಡಿಸಿ, ಒಂದೆರಡು ಸೆಕೆಂಡ್ ಮಾತ್ರ ಮುಚ್ಚಿ ಬಿಡಬೇಕು. ಕಾವಲು ರಿಲೇಯ ಸಂಪರ್ಕವನ್ನು ಕೆಂಪು ಗುಂಡಿಯ ಸಾಲಿನಲ್ಲೇ, ಸರಣಿಯಲ್ಲಿ ಜೋಡಿಸಬೇಕು. ಕಾವಲು ರಿಲೇ ಎಳೆದುಕೊಂಡಿರುವಷ್ಟು ಕಾಲ ಮಾತ್ರ ಮೋಟಾರ್ ಓಡಬಲ್ಲದು. ಅದು ಬಿಟ್ಟರೆ ಮೋಟಾರ್ ನಿಲ್ಲುತ್ತದೆ.

ಮೈಕ್ರೋಕಂಟ್ರೋಲರ್‌ನ ತಂತ್ರಾಂಶ ನಡುವೆ ಸ್ಥಗಿತಗೊಂಡರೆ ಅದರ ಕಾಲು ‘ಎಳೆ’ ಎಂಬ ಸ್ಥಿತಿಯಲ್ಲೇ ಉಳಿದುಬಿಡಬಹುದು. ಆಗ ಕಾವಲು ರಿಲೇಯೂ ಎಳೆದುಕೊಂಡೇ ಇರುತ್ತದೆ. ಇದನ್ನು ತಡೆಯಲು ಕಾವಲು ರಿಲೇಯ ಚಾಲಕಕ್ಕೆ ಸಂಕೇತವನ್ನು ನೇರವಾಗಿ ಕೊಡದೆ, ಒಂದು ಕೆಪಾಸಿಟರ್ ಮತ್ತು ಎರಡು ಡಯೋಡ್‌ಗಳ ಮೂಲಕ ಕೊಡಬೇಕು. ತಂತ್ರಾಂಶವು ಸೆಕೆಂಡಿಗೆ ನೂರಾರು ಬಾರಿ ಕಾಲನ್ನು ಏರಿಳಿಸುತ್ತಿದ್ದರೆ ಮಾತ್ರ ಚಾಲಕಕ್ಕೆ ಬೇಕಾದ ವೋಲ್ಟೇಜ್ ಸಂಗ್ರಹವಾಗುತ್ತದೆ. ಕಾಲು ಮೇಲೇ ನಿಂತರೂ ಕೆಳಗೇ ನಿಂತರೂ ಸಂಗ್ರಹ ಕರಗಿ ರಿಲೇ ಬಿಡುತ್ತದೆ. ಎತ್ತುಗಳು ಹೆಜ್ಜೆ ಹಾಕುತ್ತಿದ್ದರಷ್ಟೇ ಕಪಿಲೆಯಿಂದ ನೀರು ಬರುತ್ತಿದ್ದಂತೆ, ತಂತ್ರಾಂಶ ನಡೆಯುತ್ತಿದ್ದರಷ್ಟೇ ಮೋಟಾರ್ ಓಡುತ್ತದೆ. ಈ ಸಂಕೇತವನ್ನು ಮುಖ್ಯ ತಂತ್ರಾಂಶದ ಆವರ್ತನೆಯೊಳಗೇ ಉತ್ಪಾದಿಸಬೇಕು. ಮೈಕ್ರೋಕಂಟ್ರೋಲರ್‌ನ ಟೈಮರ್ ತಾನಾಗಿ ಹೊರಡಿಸುವ ಸಂಕೇತವು ತಂತ್ರಾಂಶ ನಿಂತ ಮೇಲೂ ಮುಂದುವರಿಯುತ್ತದೆ.

ಬೋರ್ಡ್ ಕೆಟ್ಟ ದಿನ ಬೆಳೆಗೆ ನೀರು ನಿಲ್ಲಬಾರದಲ್ಲವೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಮುಂದಿನ ಆಯ್ಕೆ ಸ್ವಿಚ್‌ನಲ್ಲಿದೆ.

ಸ್ಥಳೀಯ – ಶೂನ್ಯ – ದೂರ: ಆಯ್ಕೆ ಸ್ವಿಚ್

ಪೆಟ್ಟಿಗೆಯ ಹೊರಮೈಯಲ್ಲಿ ಮೂರು ಸ್ಥಾನಗಳ, 415 ವೋಲ್ಟ್ ದರ್ಜೆಯ ತಿರುಗು ಸ್ವಿಚ್ ಕಡ್ಡಾಯವಾಗಿ ಇರಬೇಕು.

• ಸ್ಥಳೀಯ: ಕಾವಲು ರಿಲೇಯ ಸಂಪರ್ಕವನ್ನು ಬಳಸು ಹಾಯ್ದು, ಚಾಲನೆ ರಿಲೇಯ ಸಂಬಂಧ ಕಡಿದು, ಸ್ಟಾರ್ಟರ್ ತನ್ನ ಗುಂಡಿಗಳಿಂದ ಮೊದಲಿನಂತೆ ಕೆಲಸ ಮಾಡುತ್ತದೆ. ಬೋರ್ಡ್ ಕೆಟ್ಟರೂ ನೀರು ನಿಲ್ಲದು.

• ಶೂನ್ಯ: ಕಾಯಿಲ್‌ನ ಸಾಲೇ ಕಡಿತಗೊಳ್ಳುತ್ತದೆ. ಮೊಬೈಲ್‌ನಿಂದಲೂ ಗುಂಡಿಯಿಂದಲೂ ಚಾಲನೆ ಸಾಧ್ಯವಿಲ್ಲ. ಈ ಸ್ಥಾನದಲ್ಲಿ ಬೀಗ ಹಾಕುವ ಅವಕಾಶವಿರಬೇಕು.

• ದೂರ: ಬೋರ್ಡ್‌ನ ಆದೇಶ ನಡೆಯುತ್ತದೆ. ಕೆಂಪು ಗುಂಡಿ ಆಗಲೂ ಮೋಟಾರ್ ನಿಲ್ಲಿಸುತ್ತದೆ.

ಈ ಕಡಿತ ತಂತಿಯಲ್ಲೇ ಆಗಬೇಕು. ಸ್ವಿಚ್‌ನ ಸ್ಥಾನವನ್ನು ಓದಿ ತಂತ್ರಾಂಶವೇ ತೀರ್ಮಾನಿಸುವ ವ್ಯವಸ್ಥೆ ಸಾಲದು. ಪಂಪ್ ಎತ್ತುವ, ಕೇಬಲ್ ಜಾಯಿಂಟ್ ಮಾಡುವ ಸಂದರ್ಭಗಳಲ್ಲಿ ಶೂನ್ಯ ಸ್ಥಾನವೊಂದನ್ನೇ ನೆಚ್ಚದೆ ಮುಖ್ಯ ಸ್ವಿಚ್ ಇಳಿಸಿ, ಫ್ಯೂಸ್‌ಗಳನ್ನು ಕಿತ್ತು, ಕೆಲಸ ಮಾಡುವವರೇ ಅವನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಏಕೆಂದರೆ ಬೆಸೆದ ಕಾಂಟ್ಯಾಕ್ಟರ್‌ನ್ನು ಯಾವ ಆಯ್ಕೆ ಸ್ವಿಚ್ಚೂ ಬಿಡಿಸಲಾರದು. ‘ಈ ಮೋಟಾರ್ ಯಾವ ಕ್ಷಣದಲ್ಲಾದರೂ ತಾನಾಗಿ ಚಾಲನೆಯಾಗಬಹುದು’ ಎಂಬ ಕನ್ನಡ ಫಲಕವನ್ನು ಪೆಟ್ಟಿಗೆಯ ಮೇಲೂ ಬಾವಿಯ ಬಳಿಯೂ ಹಾಕಬೇಕು.

ಪರಿವರ್ತಕದ ಮೇಲಿನ ಹೊರೆ

ವಿದ್ಯುತ್ ಮರಳಿದೊಡನೆ ತಾನಾಗಿ ಚಾಲನೆಯಾಗುವ ಸ್ಟಾರ್ಟರ್‌ಗಳಿಂದ ಗ್ರಾಮದ ವಿತರಣಾ ಪರಿವರ್ತಕ ಅಪಾಯಕ್ಕೆ ಸಿಲುಕುತ್ತದೆ. 63 ಕೆವಿಎ ಪರಿವರ್ತಕದ ಪೂರ್ಣ ಪ್ರವಾಹ ಸುಮಾರು 88 ಆಂಪಿಯರ್. 5 ಅಶ್ವಶಕ್ತಿಯ ಐದು ಮೋಟಾರ್‌ಗಳು ಓಡುವಾಗ 40 ಆಂಪಿಯರ್ ಮಾತ್ರ ಎಳೆಯುತ್ತವೆ. ಆದರೆ ಐದೂ ಒಂದೇ ಕ್ಷಣದಲ್ಲಿ ಚಾಲನೆಯಾದರೆ ಬೇಡಿಕೆ 240 ಆಂಪಿಯರ್‌ಗೆ ಏರುತ್ತದೆ. ವೋಲ್ಟೇಜ್ ಕುಸಿದು ಯಾವ ಮೋಟಾರ್ ಕೂಡ ಸರಿಯಾಗಿ ಎದ್ದೇಳದೆ, ಎಲ್ಲವೂ ಹೆಚ್ಚು ಪ್ರವಾಹ ಎಳೆಯುತ್ತಾ ನಿಲ್ಲುತ್ತವೆ. ಪರಿವರ್ತಕ ಸುಟ್ಟರೆ ಅದರ ಕೆಳಗಿನ ಎಲ್ಲ ರೈತರ ಬೆಳೆಯೂ ಒಣಗುತ್ತದೆ.

ಆದ್ದರಿಂದ ವಿದ್ಯುತ್ ಬಂದಾಗ ಬೋರ್ಡ್ ರೈತರಿಗೆ ಸಂದೇಶ ಕಳುಹಿಸಿ ಆದೇಶಕ್ಕೆ ಕಾಯುವುದು ಉತ್ತಮ. ಸ್ವಯಂಚಾಲನೆ ಬೇಕೇಬೇಕೆನ್ನುವಲ್ಲಿ ಪ್ರತಿ ಬೋರ್ಡ್‌ಗೂ 30ರಿಂದ 300 ಸೆಕೆಂಡ್‌ಗಳ ನಡುವೆ ಬೇರೆಬೇರೆ ವಿಳಂಬವನ್ನು ಹೊಂದಿಸಬೇಕು. ಪ್ರತಿ ಚಾಲನೆಗೂ ಗರಿಷ್ಠ ಅವಧಿಯಿರಲಿ. ಮೊಬೈಲ್ ಜಾಲ ಕೈಕೊಟ್ಟರೂ ಅವಧಿ ಮುಗಿದೊಡನೆ ಪಂಪ್ ನಿಂತು ನೀರು ಉಳಿಯುತ್ತದೆ.

ಪರೀಕ್ಷೆಯ ಕ್ರಮ

1. ಅಧಿಕ ವೋಲ್ಟೇಜ್ ಭಾಗವನ್ನು ಜೋಡಿಸದೆ, ಕಾರ್ಯಾಗಾರದ 24 ವೋಲ್ಟ್ ಪೂರೈಕೆಯಿಂದ ಸಂಕೇತ ಭಾಗ ಮತ್ತು ರಿಲೇಗಳನ್ನು ಪರೀಕ್ಷಿಸುವುದು.

2. ಪೂರೈಕೆಯನ್ನು ಕನಿಷ್ಠ 100 ಬಾರಿ ಆರಿಸಿ ಹೊತ್ತಿಸುವುದು. ಒಮ್ಮೆಯಾದರೂ ರಿಲೇ ತಾನಾಗಿ ಸದ್ದು ಮಾಡಿದರೆ ಬೋರ್ಡ್ ಬಳಕೆಗೆ ಯೋಗ್ಯವಲ್ಲ.

3. ಕಾವಲು ರಿಲೇ ಎಳೆದುಕೊಂಡಿರುವಾಗ ತಂತ್ರಾಂಶವನ್ನು ಉದ್ದೇಶಪೂರ್ವಕವಾಗಿ ಸ್ಥಗಿತಗೊಳಿಸಿ, ರಿಲೇ ಬಿಡುವುದನ್ನು ಖಚಿತಪಡಿಸಿಕೊಳ್ಳುವುದು.

4. ವಿದ್ಯುತ್ ಸಂಪರ್ಕ ಕಡಿದು, ಬೋರ್ಡ್‌ನ ಎರಡು ಭಾಗಗಳ ನಡುವೆ 500 ವೋಲ್ಟ್ ಮೆಗ್ಗರ್‌ನಿಂದ ನಿರೋಧನ ಅಳೆಯುವುದು.

5. ಮೋಟಾರ್ ಕೇಬಲ್‌ಗಳನ್ನು ಬಿಚ್ಚಿ, ಕಾಂಟ್ಯಾಕ್ಟರ್‌ನ್ನು ಮಾತ್ರ 415 ವೋಲ್ಟ್‌ನಲ್ಲಿ ಪರೀಕ್ಷಿಸುವುದು. ಪ್ರವಾಹ ಕಾಣದೆ ಬೋರ್ಡ್ ‘ಚಾಲನೆ ವಿಫಲ’ ಎಂದು ತಿಳಿಸುವುದೇ ಎಂಬುದನ್ನೂ ನೋಡುವುದು.

6. ಕೊನೆಯಲ್ಲಿ ಮೋಟಾರ್ ಜೋಡಿಸಿ, ಪಂಪ್‌ಹೌಸ್‌ನಲ್ಲಿ ಒಬ್ಬರು ನಿಂತಿರುವಾಗಲೇ ದೂರದಿಂದ ಆದೇಶ ಕಳುಹಿಸುವುದು.

ಸೂಚನೆ

415 ವೋಲ್ಟ್‌ನ ಜೋಡಣೆಯನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು. ಸ್ಟಾರ್ಟರ್ ಪೆಟ್ಟಿಗೆಗೂ ಮೋಟಾರ್‌ಗೂ ಪ್ರತ್ಯೇಕ, ಸುಸ್ಥಿತಿಯ ಭೂಸಂಪರ್ಕ ಇರುವುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಸಿದ್ಧ ಮೊಬೈಲ್ ಸ್ಟಾರ್ಟರ್ ಕೊಳ್ಳುವ ರೈತ ಬಾಂಧವರೂ ಮಾರಾಟಗಾರರನ್ನು ನಾಲ್ಕು ಪ್ರಶ್ನೆ ಕೇಳಬಹುದು: ರಿಲೇಯ ಸಂಪರ್ಕ 415 ವೋಲ್ಟ್‌ಗೆ ತಕ್ಕುದೇ? ಉಪಕರಣ ಕೆಟ್ಟರೆ ಮೋಟಾರ್ ನಿಲ್ಲುವುದೇ? ತಂತಿಯಲ್ಲೇ ಕಡಿಯುವ ಶೂನ್ಯ ಸ್ಥಾನವಿದೆಯೇ? ಹಳೆಯ ಸಂದೇಶವನ್ನು ಅದು ತಿರಸ್ಕರಿಸುವುದೇ? ನಾಲ್ಕಕ್ಕೂ ಸ್ಪಷ್ಟ ಉತ್ತರ ದೊರೆತ ಮೇಲೆಯೇ ಕೊಳ್ಳುವುದು ಕ್ಷೇಮ. ಹೆಚ್ಚಿನ ಮಾಹಿತಿಗಾಗಿ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.